ತುಮಕೂರಿನ ಕೆಮ್ಮು, ಅವಲಾನಿನ ಲೆಕ್ಕ

ಮುದ್ದಣ ಡ್ರಿಲ್ ಮೇಷ್ಟ್ರಾಗಿದ್ದರು. ಶಾಲೆಯ ಹುಡುಗರಿಗೆ ಕಸರತ್ತು ಕಲಿಸುವುದು ಹೊಟ್ಟೆಪಾಡು. ತಾವೇ ಬರೆದ ಕಾವ್ಯವನ್ನು ಯಾವನೋ ಹಳಗಾಲದ ಕವಿಯದೆಂದು ಹೇಳಿ ಮೈಸೂರಿಗೆ ಕಳಿಸುವುದು ಗುಟ್ಟಿನ ಕಸುಬು. ನಂದಳಿಕೆಯ ಈ ಲಕ್ಷ್ಮೀನಾರಣಪ್ಪ 1901ರ ಫೆಬ್ರುವರಿಯಲ್ಲಿ ಉಡುಪಿಯಲ್ಲಿ ತೀರಿಕೊಂಡಾಗ ವಯಸ್ಸು 31. ಕಾರಣ ಕ್ಷಯ. ಮೈ ಹುರಿಗೊಳಿಸುವುದನ್ನೇ ಕಲಿಸುತ್ತಿದ್ದವನ ಮೈಯನ್ನೇ ಅದು ತಿಂದುಹಾಕಿತ್ತು. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಈ ರೋಗದ ಬ್ಯಾಕ್ಟೀರಿಯಾವನ್ನು ತೋರಿಸಿ ಆಗಲೇ 19 ವರ್ಷ ಕಳೆದಿತ್ತು. ಕಾಯಿಲೆ ಯಾವುದರಿಂದ ಬರುತ್ತದೆಂದು ಜಗತ್ತಿಗೆ ತಿಳಿದಿತ್ತು, ಬಂದ ಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ಬಡ ಮೇಷ್ಟರ ಮನೆಗೆ ಬಂದದ್ದು ಅರಮನೆಗೂ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರಿಗೆ ಮೈಸೂರಿನ ಕಾರಂಜಿ ಕೆರೆಯ ಬಳಿ ಭವ್ಯವಾದ ಮಹಲಿತ್ತು. ಗಾಳಿ, ಬೆಳಕು, ಹಾಲು, ಹಣ್ಣು, ವೈದ್ಯರು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಆಕೆಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕ್ಷಯ ಕೊಂಡೊಯ್ದಿತು. ಅವರ ನೆನಪಿಗೆ ಮಹಾರಾಜರು ಊರಾಚೆ, ಇಂದಿನ ಕೆ.ಆರ್.ಎಸ್. ರಸ್ತೆಯ ಬದಿಯಲ್ಲಿ, ಮರಗಳ ನಡುವೆ ಒಂದು ಸ್ಯಾನಿಟೋರಿಯಂ ಕಟ್ಟಿಸಿದರು. 1920ರ ದಶಕದ ಆರಂಭದಲ್ಲಿ ಬಾಗಿಲು ತೆರೆದ ಅದು ‘ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ’ ಎಂಬ ಉದ್ದನೆಯ ಹೆಸರನ್ನು ಬಿಟ್ಟು ಜನರ ಬಾಯಲ್ಲಿ ‘ಪಿ.ಕೆ. ಸ್ಯಾನಿಟೋರಿಯಂ’ ಆಯಿತು. ರಾಜಮನೆತನದ ದುಃಖದಿಂದ ಹುಟ್ಟಿದ ಆಸ್ಪತ್ರೆಗಳು ನಮ್ಮಲ್ಲಿ ಹಲವಿವೆ. ಇದರ ವಿಶೇಷವೆಂದರೆ, ಇಲ್ಲಿಗೆ ಬರುವವರನ್ನು ಊರು ಮನಸ್ಸಿನಲ್ಲೇ ಬೀಳ್ಕೊಟ್ಟಿರುತ್ತಿತ್ತು.

ಸ್ಯಾನಿಟೋರಿಯಂ ಎಂದರೆ ಆಗ ಔಷಧಿಯ ಜಾಗವಲ್ಲ, ದಿನಚರಿಯ ಜಾಗ. ಉದ್ದನೆಯ ತೆರೆದ ವರಾಂಡದಲ್ಲಿ ಸಾಲು ಮಂಚಗಳು. ಹೊತ್ತಿಗೆ ಸರಿಯಾಗಿ ಹಾಲು, ಮೊಟ್ಟೆ, ಮೀನೆಣ್ಣೆ. ಮಾತಾಡುವುದಕ್ಕೂ ನಡೆದಾಡುವುದಕ್ಕೂ ಗಂಟೆಯ ಲೆಕ್ಕ. ದಿನಕ್ಕೆ ಹಲವು ಬಾರಿ ಜ್ವರ ನೋಡಿ ಚೀಟಿಯಲ್ಲಿ ಗೀಟು ಎಳೆಯುವುದು. ಸ್ವಲ್ಪ ಧೈರ್ಯದ ಡಾಕ್ಟರಿದ್ದರೆ ಪಕ್ಕೆಲುಬಿನ ಸಂದಿಯಲ್ಲಿ ದಪ್ಪ ಸೂಜಿ ಚುಚ್ಚಿ, ಶ್ವಾಸಕೋಶದ ಸುತ್ತಲಿನ ಪೊರೆಯೊಳಗೆ ಗಾಳಿ ಬಿಟ್ಟು, ಕೆಟ್ಟ ಶ್ವಾಸಕೋಶವನ್ನು ಅದುಮಿ ಮಲಗಿಸುತ್ತಿದ್ದರು. ಆ ಗಾಳಿ ಕೆಲವೇ ದಿನಗಳಲ್ಲಿ ಇಂಗುತ್ತಿತ್ತು, ಮತ್ತೆ ಸೂಜಿ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇದೇ. ಅದೂ ಸಾಲದಿದ್ದರೆ ಒಂದು ಬದಿಯ ಪಕ್ಕೆಲುಬುಗಳನ್ನೇ ಕತ್ತರಿಸಿ ಎದೆಗೂಡನ್ನು ಕುಗ್ಗಿಸುವ ಶಸ್ತ್ರಚಿಕಿತ್ಸೆ. ಬದುಕಿ ಮನೆಗೆ ಬಂದವರು ಒಂದು ಭುಜ ಇಳಿಬಿಟ್ಟುಕೊಂಡೇ ನಡೆಯುತ್ತಿದ್ದರು.

ಬೆಳಗಾವಿ, ಬಿಜಾಪುರದ ಕಡೆಯವರು ಮೀರಜಿನ ಮಿಷನ್ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅಲ್ಲಿ ಡಾಕ್ಟರ್ ವಾನ್ಲೆಸ್ ಅವರ ಹೆಸರಿನ ವಾನ್ಲೆಸ್‌ವಾಡಿಯಲ್ಲಿ ಕ್ಷಯದವರಿಗೆಂದೇ ಸ್ಯಾನಿಟೋರಿಯಂ ಇತ್ತು. ಕೋಲಾರದ ಗಡಿಯಾಚೆ ಮದನಪಲ್ಲಿಯ ಬಳಿ ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೊಡ್ ಮೊಲ್ಲರ್ ಕಟ್ಟಿ ಬೆಳೆಸಿದ ಆರೋಗ್ಯವರಂ ಇತ್ತು. ಆದರೆ ಇವೆಲ್ಲ ಸೇರಿದರೂ ಲೆಕ್ಕ ಎಲ್ಲಿಗೆ ಮುಟ್ಟೀತು? 1946ರ ಭೋರ್ ಸಮಿತಿಯ ವರದಿ ಆ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದೆ. ಅಂದಿನ ಭಾರತದಲ್ಲಿ ಬೇರೆಯವರಿಗೆ ಅಂಟಿಸಬಲ್ಲ ಕ್ಷಯರೋಗಿಗಳು ಸುಮಾರು 25 ಲಕ್ಷ, ವರ್ಷಕ್ಕೆ ಸಾಯುವವರು ಸುಮಾರು 5 ಲಕ್ಷ, ಇವರಿಗಾಗಿ ಇದ್ದ ಹಾಸಿಗೆಗಳು 6,000ದ ಆಸುಪಾಸು. ನಾನೂರು ಚಿಲ್ಲರೆ ರೋಗಿಗಳಿಗೆ ಒಂದು ಮಂಚ. ಹಾಸಿಗೆ ಹೆಚ್ಚಿಸುತ್ತ ಹೋಗಿ ಈ ರೋಗವನ್ನು ಹಿಡಿಯುತ್ತೇವೆಂಬ ಮಾತು ಕಾಗದದ ಮೇಲೂ ನಿಲ್ಲುವಂತಿರಲಿಲ್ಲ.

ಹಾಗಾಗಿ ಸ್ವತಂತ್ರ ಭಾರತ ಮೊದಲು ನಂಬಿದ್ದು ಲಸಿಕೆಯನ್ನು. 1948ರಲ್ಲಿ ಮದನಪಲ್ಲಿಯಲ್ಲಿ ಪ್ರಯೋಗಕ್ಕೆಂದು ಶುರುವಾದ ಬಿ.ಸಿ.ಜಿ. ಕೆಲವೇ ವರ್ಷಗಳಲ್ಲಿ ದೇಶದಾದ್ಯಂತ ಶಾಲಾ ಜಗಲಿಗಳಿಗೆ ಬಂತು. ಮದ್ರಾಸಿನಲ್ಲಿ ಇದಕ್ಕೆ ದೊಡ್ಡ ವಿರೋಧಿಯಾಗಿ ನಿಂತವರು ಸ್ವತಃ ರಾಜಾಜಿ. ಮುಖ್ಯಮಂತ್ರಿ ಪದವಿ ಬಿಟ್ಟ ಮರುವರ್ಷ, 1955ರಲ್ಲಿ, ತಾನೇಕೆ ಇದನ್ನು ವಿರೋಧಿಸುತ್ತೇನೆಂದು ಪುಸ್ತಿಕೆಯನ್ನೇ ಬರೆದರು. ಅವರ ಹಲವು ವಾದಗಳು ವಿಜ್ಞಾನದ ಒರೆಗೆ ನಿಲ್ಲುವಂಥವಲ್ಲ. ಆದರೆ ಈ ಲಸಿಕೆ ನಿಜಕ್ಕೂ ತಡೆಯುತ್ತದೆಯೇ ಎಂಬ ಮೂಲ ಪ್ರಶ್ನೆಗೆ ಸರ್ಕಾರದ ಬಳಿಯೂ ಗಟ್ಟಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಮುಂದೆ, ಮದ್ರಾಸಿನ ಪಕ್ಕದ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ 1968ರಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯಲ್ಲಿ. ಏಳೂವರೆ ವರ್ಷದ ಬಳಿಕ ಲೆಕ್ಕ ಹಾಕಿದಾಗ, ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯದ ಮಟ್ಟಿಗೆ ಲಸಿಕೆಯ ಪ್ರಯೋಜನ ಸೊನ್ನೆ ಎಂದಾಯಿತು. ಎಳೆಯ ಮಕ್ಕಳ ಮೆದುಳಿಗೆ ತಗಲುವ ಕ್ಷಯವನ್ನು ಅದು ತಡೆಯುತ್ತದೆ, ಆದ್ದರಿಂದ ಇಂದಿಗೂ ಹುಟ್ಟಿದ ಕೂಸಿಗೆ ಹಾಕುತ್ತಾರೆ.

ರೋಗ ಎಲ್ಲಿದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಕ್ಷಯ ಪೇಟೆಯ ಕಾಯಿಲೆ, ಗಿರಣಿಯ ಹೊಗೆ ಮತ್ತು ವಠಾರದ ಕತ್ತಲೆಯಲ್ಲಿ ಬೆಳೆಯುವಂಥದ್ದು, ಹಳ್ಳಿಯ ಗಾಳಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದೇ ಓದಿದವರೆಲ್ಲ ತಿಳಿದಿದ್ದರು. 1955ರಿಂದ 58ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವೆಡೆ ಎಕ್ಸ್‌ರೇ ವ್ಯಾನು ಕಳಿಸಿ ಸಮೀಕ್ಷೆ ಮಾಡಿಸಿತು. ಕಫದಲ್ಲಿ ಬ್ಯಾಕ್ಟೀರಿಯಾ ಇರುವವರು ಸಾವಿರಕ್ಕೆ ಸುಮಾರು ನಾಲ್ಕು ಮಂದಿ ಸಿಕ್ಕರು. ಪೇಟೆಗೂ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದೇಶದ ಹತ್ತರಲ್ಲಿ ಎಂಟು ಜನ ಹಳ್ಳಿಯಲ್ಲಿದ್ದರು ಎಂದಮೇಲೆ ರೋಗಿಗಳೂ ಅಲ್ಲೇ ಇದ್ದರು. ಸ್ಯಾನಿಟೋರಿಯಂ, ಎದೆರೋಗ ತಜ್ಞ, ಎಕ್ಸ್‌ರೇ ಯಂತ್ರ ಎಲ್ಲವೂ ಪೇಟೆಯಲ್ಲಿದ್ದವು.

ಅಷ್ಟರಲ್ಲಿ ಮದ್ದು ಬಂದಿತ್ತು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಪಿ.ಎ.ಎಸ್., 1952ರಲ್ಲಿ ಅಗ್ಗದ ಐಸೊನಿಯಾಜಿಡ್. ಇದನ್ನು ಮನೆಯಲ್ಲೇ ಕೂತು ನುಂಗಿದರೆ ವಾಸಿಯಾಗುತ್ತದೆಯೇ, ಅಥವಾ ಸ್ಯಾನಿಟೋರಿಯಂನ ಮಂಚ, ವಿಶ್ರಾಂತಿ, ಮೊಟ್ಟೆ, ಹಾಲೂ ಬೇಕೇ? ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಕೀಮೋಥೆರಪಿ ಕೇಂದ್ರದಲ್ಲಿ ವ್ಯಾಲೇಸ್ ಫಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಮತ್ತು ಸಂಗಡಿಗರು 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂಗೆ, ಇನ್ನೊಂದು ತಮ್ಮದೇ ಇಕ್ಕಟ್ಟಿನ ಮನೆಗಳಿಗೆ. ಮಾತ್ರೆ ಇಬ್ಬರಿಗೂ ಒಂದೇ. ವರ್ಷದ ಕೊನೆಗೆ ಸ್ಯಾನಿಟೋರಿಯಂನಲ್ಲಿ ಶೇ. 92ರಷ್ಟು ಮಂದಿ ಗುಣಮುಖರಾಗಿದ್ದರೆ, ಅರೆಹೊಟ್ಟೆಯಲ್ಲಿ ಕೆಲಸಕ್ಕೂ ಹೋಗುತ್ತಿದ್ದ ಮನೆಯ ಗುಂಪಿನಲ್ಲಿ ಶೇ. 86. ಮನೆಮಂದಿಗೆ ರೋಗ ಅಂಟಿದ್ದರಲ್ಲೂ ಎರಡು ಗುಂಪಿನ ನಡುವೆ ಅಂತರವಿರಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಸ್ಯಾನಿಟೋರಿಯಂಗಳ ಬಾಗಿಲಿಗೆ ಬೀಗ ಜಡಿಯಿತು ಎಂದರೂ ತಪ್ಪಿಲ್ಲ. ಅದರ ಜೊತೆಗೆ ಇನ್ನೊಂದು ನಂಬಿಕೆಯೂ ಸದ್ದಿಲ್ಲದೆ ಬೇರೂರಿತು: ಮಾತ್ರೆ ಸರಿಯಾಗಿದ್ದರೆ ಊಟದ ಚಿಂತೆ ಬೇಡ.

ಬೆಂಗಳೂರು ಈ ಕಥೆಯೊಳಗೆ ಬರುವುದು ಇಲ್ಲಿ. ಬಳ್ಳಾರಿ ರಸ್ತೆಯಲ್ಲಿ ‘ಅವಲಾನ್’ ಎಂಬ ಹಳೆಯ ಬಂಗಲೆ. ಅಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರಿನಲ್ಲಿ ನೆಹರೂ ಉದ್ಘಾಟಿಸಿದರು. ಅವರ ಪತ್ನಿ ಕಮಲಾ 1936ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡದ್ದು ಇದೇ ರೋಗದಿಂದ. ಸಂಸ್ಥೆಯ ತಂಡ ವಿಚಿತ್ರವಾಗಿತ್ತು. ಎದೆರೋಗ ತಜ್ಞರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜ ವಿಜ್ಞಾನಿಗಳು, ಎಕ್ಸ್‌ರೇ ಎಂಜಿನಿಯರುಗಳು, ದಾದಿಯರು ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಹಾಫ್ಡಾನ್ ಮಾಹ್ಲರ್ ಎಂಬ ಡೆನ್ಮಾರ್ಕಿನ ಯುವ ವೈದ್ಯ ಅದಾಗಲೇ ವರ್ಷಗಟ್ಟಲೆ ಭಾರತದಲ್ಲಿ ಬಿ.ಸಿ.ಜಿ. ಅಭಿಯಾನದ ಜೊತೆ ಓಡಾಡಿದ್ದವರು. ಹದಿಮೂರು ವರ್ಷದ ಮೇಲೆ ಇವರೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಅಲ್ಮಾ ಆಟಾ ಸಮ್ಮೇಳನ ‘ಎಲ್ಲರಿಗೂ ಆರೋಗ್ಯ’ ಎಂದು ಸಾರಿದ್ದು ಇವರ ಕಾಲದಲ್ಲೇ.

ಅವಲಾನಿನ ತಂಡ ಮೊದಲು ಹೊರಟದ್ದು ತುಮಕೂರು ಜಿಲ್ಲೆಗೆ. 1960-61ರ ಆ ಸಮೀಕ್ಷೆಯ ಕೆಲಸ ಹೀಗಿತ್ತು. ಮೊದಲು ಮನೆಮನೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಳ್ಳುವುದು. ಆಮೇಲೆ ಮುಂಗೈ ಚರ್ಮದೊಳಗೆ ಟ್ಯೂಬರ್‌ಕ್ಯುಲಿನ್ನಿನ ಒಂದು ಹನಿ ಚುಚ್ಚುವುದು. ಮೂರನೆಯ ದಿನ ಮತ್ತೆ ಅದೇ ಮನೆಗೆ ಹೋಗಿ, ಬೆರಳಿನಿಂದ ತಡವಿ, ಚುಚ್ಚಿದ ಜಾಗದಲ್ಲಿ ಎದ್ದ ಗಟ್ಟಿ ಉಬ್ಬನ್ನು ಪಾರದರ್ಶಕ ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆಯುವುದು. ಕೆಂಪಗಾದದ್ದು ಲೆಕ್ಕವಲ್ಲ, ಗಟ್ಟಿಯಾದದ್ದು ಲೆಕ್ಕ. ಇದನ್ನು ಅಳೆಯುವವರಿಗೆ ತಿಂಗಳುಗಟ್ಟಲೆ ತರಬೇತಿ ಬೇಕು, ಏಕೆಂದರೆ ಇಬ್ಬರು ಅಳೆದರೆ ಎರಡು ಉತ್ತರ ಬರುವುದು ಸಾಮಾನ್ಯ. ಉಬ್ಬು ದೊಡ್ಡದಾಗಿದ್ದರೆ ಬ್ಯಾಕ್ಟೀರಿಯಾ ಎಂದೋ ಒಮ್ಮೆ ಒಳಹೊಕ್ಕಿದೆ ಎಂದರ್ಥ. ಕಾಯಿಲೆ ಬಿದ್ದಿದ್ದಾರೆ ಎಂದಲ್ಲ. ಹೊಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಆಯಸ್ಸಿನುದ್ದಕ್ಕೂ ಕಾಯಿಲೆ ಬೀಳುವುದೇ ಇಲ್ಲ.

ರಸ್ತೆ ಮುಗಿಯುವಲ್ಲಿಗೆ ಎಕ್ಸ್‌ರೇ ವ್ಯಾನು ಬಂದು ನಿಲ್ಲುತ್ತಿತ್ತು. ಪಟದಲ್ಲಿ ನೆರಳು ಕಂಡವರಿಂದ ಕಫ ಸಂಗ್ರಹಿಸಿ ಬೆಂಗಳೂರಿಗೆ ಕಳಿಸಬೇಕು. ಪ್ರಯೋಗಾಲಯದಲ್ಲಿ ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಬಿಸಿ ಮಾಡಿ, ಆಮ್ಲದಿಂದ ತೊಳೆದು, ಮತ್ತೆ ನೀಲಿ ಹಾಕಿದರೆ ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಬಣ್ಣ ಬಿಡದೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳಂತೆ ಕಾಣುತ್ತದೆ. ಇನ್ನೂ ಖಚಿತವಾಗಬೇಕಾದರೆ ಅದನ್ನು ಬೆಳೆಸಿ ನೋಡಬೇಕು. ಬೆಳೆಸುವ ಆಹಾರದ ಮುಖ್ಯ ಸಾಮಗ್ರಿ ಕೋಳಿಮೊಟ್ಟೆ. ಮೊಟ್ಟೆಗಳನ್ನು ಒಡೆದು ಕದಡಿ, ಹಸಿರು ಬಣ್ಣದ ರಾಸಾಯನಿಕ ಸೇರಿಸಿ, ಸೀಸೆಗಳನ್ನು ವಾರೆಯಾಗಿಟ್ಟು ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಅದರ ಮೇಲೆ ಬಿತ್ತಿದ ಬ್ಯಾಕ್ಟೀರಿಯಾ ತಿಂಗಳೊಪ್ಪತ್ತು ಕಳೆದ ಮೇಲೆ, ಕೆಲವೊಮ್ಮೆ ಎಂಟು ವಾರಕ್ಕೆ, ಒಣ ಬ್ರೆಡ್ಡಿನ ಪುಡಿಯಂಥ ಮಾಸಲು ಹಳದಿ ಚುಕ್ಕೆಗಳಾಗಿ ಮೂಡುತ್ತದೆ. ಸಮೀಕ್ಷೆಯ ವರದಿಯಲ್ಲಿ ‘ಒಬ್ಬ ರೋಗಿ’ ಎಂದು ಕಾಣುವ ಅಂಕಿಯ ಹಿಂದೆ ಇಷ್ಟೆಲ್ಲ ಕೈಕೆಲಸವಿದೆ.

ಈ ಲೆಕ್ಕದಲ್ಲಿ ಒಂದು ಸಂಗತಿ ತಜ್ಞರನ್ನೂ ಚಕಿತಗೊಳಿಸಿತು. ಸೋಂಕು ತಗಲಿದ ಜನರಲ್ಲಿ ಹೆಚ್ಚಿನವರ ಮನೆಯಲ್ಲಿ ರೋಗಿಗಳೇ ಇರಲಿಲ್ಲ. ಮನೆಯವರಿಂದ ಮನೆಯವರಿಗೆ ಅಂಟುವುದು ನಿಜವಾದರೂ, ಊರಿನ ಒಟ್ಟು ಸೋಂಕಿನಲ್ಲಿ ಅದರ ಪಾಲು ಸಣ್ಣದು. ಕೆಮ್ಮುವ ಒಬ್ಬನನ್ನು ಮನೆಯ ಹಿತ್ತಲ ಕೋಣೆಗೆ ತಳ್ಳಿ, ಅವನ ತಟ್ಟೆ ಲೋಟ ಬೇರೆ ಮಾಡಿದ ಕುಟುಂಬಗಳಿಗೆ ಈ ಸುದ್ದಿ ಯಾರೂ ಮುಟ್ಟಿಸಲಿಲ್ಲ. ಆ ತಟ್ಟೆ ಲೋಟದ ಪದ್ಧತಿ ಇಂದಿಗೂ ಹಲವು ಮನೆಗಳಲ್ಲಿ ಉಳಿದಿದೆ.

ತುಮಕೂರಿನ ನಿಜವಾದ ಸುದ್ದಿ ಬಂದದ್ದು ಪ್ರಯೋಗಾಲಯದಿಂದಲ್ಲ. ಅವಲಾನಿನ ತಂಡದಲ್ಲಿದ್ದ ದೇಬಬರ್ ಬ್ಯಾನರ್ಜಿ ವೈದ್ಯಕೀಯ ಓದಿ ಸಮಾಜ ವಿಜ್ಞಾನಕ್ಕೆ ಹೊರಳಿದವರು. ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಕೀಯ ಕೇಂದ್ರವನ್ನು ಕಟ್ಟಿದರು. ಅವರೂ ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ಅವರೂ ಕೇಳಿದ ಪ್ರಶ್ನೆ ಸರಳ. ಸಮೀಕ್ಷೆಯಲ್ಲಿ ಸಿಕ್ಕ ಈ ರೋಗಿಗಳಿಗೆ ತಮಗೆ ಕಾಯಿಲೆಯಿದೆ ಎಂದು ಗೊತ್ತಿತ್ತೇ? ಗೊತ್ತಿದ್ದರೆ ಏನು ಮಾಡಿದರು? ಆ ಕಾಲದ ವೈದ್ಯರೆಲ್ಲರ ಬಳಿ ಉತ್ತರ ಸಿದ್ಧವಾಗಿತ್ತು. ಹಳ್ಳಿಗರು ಅಜ್ಞಾನಿಗಳು, ಕೆಮ್ಮನ್ನು ಗಮನಿಸುವುದಿಲ್ಲ, ಮಂತ್ರ ತಾಯಿತ ಎಂದು ಅಲೆಯುತ್ತಾರೆ, ಆದ್ದರಿಂದ ವ್ಯಾನು ತೆಗೆದುಕೊಂಡು ಹೋಗಿ ನಾವೇ ಅವರನ್ನು ಹುಡುಕಿ ಹಿಡಿಯಬೇಕು.

1963ರಲ್ಲಿ ಪ್ರಕಟವಾದ ಉತ್ತರ ಅದಕ್ಕೆ ತದ್ವಿರುದ್ಧ. ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಹೆಚ್ಚಿನವರು ಅದರ ಬಗ್ಗೆ ಚಿಂತೆಗೀಡಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಹತ್ತಿ ಬರಿಗೈಯಲ್ಲಿ ಬಂದಿರಲಿಲ್ಲ, ಕೈಯಲ್ಲಿ ಒಂದು ಸೀಸೆ ಕೆಮ್ಮಿನ ಔಷಧಿಯಿತ್ತು! ಯಾರೂ ಕಫ ಪರೀಕ್ಷೆ ಮಾಡಿರಲಿಲ್ಲ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಾಗಲಿ ಕ್ಷಯದ ಮಾತ್ರೆಯಾಗಲಿ ಇರದಿದ್ದಾಗ, ದಿನಕ್ಕೆ ನೂರು ಕೆಮ್ಮು ನೋಡುವ ಡಾಕ್ಟರಿಗೂ ಅದರಾಚೆ ದಾರಿಯಿರಲಿಲ್ಲ ಎನ್ನಿ. ಆದರೆ ತಪ್ಪು ಯಾರ ತಲೆಗೆ ಬಿದ್ದಿತ್ತು ಎಂಬುದು ಗಮನಿಸಬೇಕಾದ ಮಾತು. ಕಿಲೋಮೀಟರುಗಟ್ಟಲೆ ನಡೆದು, ಒಂದು ದಿನದ ಕೂಲಿ ಬಿಟ್ಟು ಬಂದವನನ್ನು ವ್ಯವಸ್ಥೆ ಹಿಂದಕ್ಕೆ ಕಳಿಸಿತ್ತು. ಆಮೇಲೆ ಅವನನ್ನೇ ಹುಡುಕಲು ವ್ಯಾನು ಕೊಳ್ಳಬೇಕೆಂದು ಯೋಜನೆ ಹಾಕುತ್ತಿತ್ತು.

ಈ ಅಧ್ಯಯನ ಅಚ್ಚಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಅದರ ಮೇಲೆ ನಿಂತಿತು. ಅದಕ್ಕೆ ಮೊದಲ ಮಾದರಿಯಾಗಿ ಕಟ್ಟಿದ್ದು ಪಕ್ಕದ ಅನಂತಪುರ ಜಿಲ್ಲೆಯಲ್ಲಿ. ಬೇರೆ ಕ್ಷಯ ಆಸ್ಪತ್ರೆ ಬೇಡ. ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಹುದಿನದ ಕೆಮ್ಮು ಎಂದು ಬಂದವರ ಕಫ ನೋಡಿ, ಅಲ್ಲೇ ಮಾತ್ರೆ ಕೊಡಿ. ಕಲ್ಪನೆ ಇಷ್ಟೇ, ಆದರೆ ಜಗತ್ತಿನ ಬಡದೇಶಗಳೆಲ್ಲ ಮುಂದೆ ಹಿಡಿದ ದಾರಿ ಇದೇ.

ಅದೇ ವರ್ಷಗಳಲ್ಲಿ ಸಂಸ್ಥೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಇನ್ನೊಂದು ಕೆಲಸಕ್ಕೆ ಕೈಹಾಕಿತ್ತು. 1961ರಿಂದ 68ರ ನಡುವೆ ಅದೇ ಜನರನ್ನು ನಾಲ್ಕು ಬಾರಿ ಪರೀಕ್ಷಿಸುವುದು. ಕ್ಷಯ ನಿಯಂತ್ರಣದ ವ್ಯವಸ್ಥೆ ಇಲ್ಲವೆನ್ನಬಹುದಾದ ಹಳ್ಳಿಗಳಲ್ಲಿ ರೋಗ ತನ್ನಷ್ಟಕ್ಕೆ ಹೇಗೆ ಸಾಗುತ್ತದೆ ಎಂಬುದು ಪ್ರಶ್ನೆ. ಮೊದಲ ಸುತ್ತಿನಲ್ಲಿ 126 ರೋಗಿಗಳು ಸಿಕ್ಕರು. ಐದು ವರ್ಷದ ಕೊನೆಗೆ ಅವರಲ್ಲಿ 62 ಮಂದಿ ತೀರಿಕೊಂಡಿದ್ದರು. 41 ಮಂದಿಯ ಕಫದಲ್ಲಿ ಬ್ಯಾಕ್ಟೀರಿಯಾ ತಾನಾಗಿಯೇ ಮಾಯವಾಗಿತ್ತು. ಉಳಿದ 23 ಮಂದಿ ಇನ್ನೂ ಕೆಮ್ಮುತ್ತಿದ್ದರು. ಜಗತ್ತಿನ ಕ್ಷಯರೋಗ ಪಠ್ಯಪುಸ್ತಕಗಳು ಇಂದಿಗೂ ಈ ಅಂಕಿಗಳನ್ನು ಎತ್ತಿ ಹೇಳುತ್ತವೆ: ಮದ್ದಿಲ್ಲದಿದ್ದರೆ ಅರ್ಧ ಸಾವು, ಮೂರರಲ್ಲೊಂದು ಪಾಲು ಗುಣ, ಉಳಿದವರು ಹರಡುತ್ತ ಬದುಕುವವರು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗದೆ ಇರದು. ಐಸೊನಿಯಾಜಿಡ್ ಬಂದು ಆಗಲೇ ಹತ್ತು ವರ್ಷ ಕಳೆದಿತ್ತು; ಮನೆಯಲ್ಲೇ ಗುಣಪಡಿಸಬಹುದೆಂದು ಮದ್ರಾಸು ತೋರಿಸಿಕೊಟ್ಟಿತ್ತು. ಇಂದಿನ ಯಾವ ನೈತಿಕ ಸಮಿತಿಯೂ ಇಂಥ ಅಧ್ಯಯನಕ್ಕೆ ಸಹಿ ಹಾಕಲಾರದು.

ಕಾರ್ಯಕ್ರಮ ಕಾಗದದಲ್ಲಿದ್ದಷ್ಟು ಚೆನ್ನಾಗಿ ನೆಲದ ಮೇಲೆ ನಡೆಯಲಿಲ್ಲ. ಒಂದು ವರ್ಷ, ಒಂದೂವರೆ ವರ್ಷ ಮಾತ್ರೆ ನುಂಗಬೇಕು. ಎರಡು ತಿಂಗಳಿಗೇ ಕೆಮ್ಮು ನಿಂತು ಮೈಗೆ ಹುರುಪು ಬರುತ್ತದೆ. ಆಮೇಲೆ ತಿಂಗಳಿಗೊಮ್ಮೆ ಬಸ್ಸಿನ ದುಡ್ಡು ಕೊಟ್ಟು ಮಾತ್ರೆಗೆ ಬರುವವರು ಯಾರು? ಬಂದರೂ ಆ ತಿಂಗಳು ಮಾತ್ರೆ ಬಂದಿಲ್ಲ ಎಂಬ ಉತ್ತರ. ಕಫ ನೋಡುವ ಬದಲು ಎಕ್ಸ್‌ರೇ ನೋಡಿಯೇ ಕ್ಷಯ ಎಂದು ಬರೆಯುವ ಚಟ ಬೇರೆ. 1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಕಾರ್ಯಕ್ರಮವನ್ನು ತೂಗಿ ನೋಡಿದಾಗ, ಚಿಕಿತ್ಸೆ ಪೂರ್ತಿ ಮುಗಿಸುತ್ತಿದ್ದವರು ಮೂವರಲ್ಲಿ ಒಬ್ಬರಷ್ಟೇ ಎಂದು ಕಂಡಿತು. ಅರ್ಧ ಚಿಕಿತ್ಸೆಯೆಂದರೆ ರೋಗಿ ಸಾಯುವುದೂ ಇಲ್ಲ, ವಾಸಿಯಾಗುವುದೂ ಇಲ್ಲ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸಿಕೊಂಡು ಇನ್ನಷ್ಟು ವರ್ಷ ಕೆಮ್ಮುತ್ತಾನೆ.

ಹಾಗಿದ್ದೂ ಬೆಂಗಳೂರು ಹಳ್ಳಿಗಳಲ್ಲಿ ಸೋಂಕು ಇಳಿಯುತ್ತಿತ್ತು. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ಸಂಗತಿ. ಒಂದು ವರ್ಷದಲ್ಲಿ, ಅದುವರೆಗೆ ಸೋಂಕು ತಗಲದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಹೊಸದಾಗಿ ತಗಲಿತು ಎಂಬುದನ್ನು ಮಕ್ಕಳ ಮುಂಗೈ ಪರೀಕ್ಷೆಯಿಂದ ಲೆಕ್ಕ ಹಾಕುತ್ತಾರೆ. ಊರಿನ ಗಾಳಿಯಲ್ಲಿ ರೋಗ ಎಷ್ಟು ಓಡಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಆಗ ಇರಲಿಲ್ಲ. ಬೆಂಗಳೂರಿನ ಸುತ್ತಲ ಆ ಹಳ್ಳಿಗಳಲ್ಲಿ 1961ರ ಹೊತ್ತಿಗೆ ಇದು ಸುಮಾರು ಶೇ. 1.1 ಇತ್ತು, ಇಪ್ಪತ್ತಮೂರು ವರ್ಷದ ಬಳಿಕ ಶೇ. 0.6ರ ಆಸುಪಾಸಿಗೆ ಬಂದಿತ್ತು. ವರ್ಷಕ್ಕೆ ಶೇ. 3ರಷ್ಟು ಇಳಿಕೆ. ಮಾತ್ರೆಯೇ ಇಳಿಸಿತು ಎನ್ನಲು ಧೈರ್ಯ ಸಾಲದು, ಮಾತ್ರೆ ಮುಗಿಸಿದವರೇ ಕಡಿಮೆ. ಇಂಗ್ಲೆಂಡಿನಲ್ಲಿ ಸ್ಟ್ರೆಪ್ಟೊಮೈಸಿನ್ ಬರುವ ಎಷ್ಟೋ ದಶಕ ಮೊದಲೇ ಕ್ಷಯದ ಸಾವು ಇಳಿಯತೊಡಗಿತ್ತು. ಕೂಲಿ, ಮನೆ, ಊಟ ಸುಧಾರಿಸಿದ್ದೇ ಕಾರಣವೆಂದು ಒಂದು ಪಕ್ಷ, ಇಲ್ಲವೆಂದು ಇನ್ನೊಂದು ಪಕ್ಷ ಇಂದಿಗೂ ಜಗಳವಾಡುತ್ತಿವೆ. ದೇಶದ ಮಟ್ಟಕ್ಕೆ ಬಂದರೆ 2000ದಿಂದ 2003ರ ಸಮೀಕ್ಷೆಯಲ್ಲಿ ಈ ಅಳತೆ ಶೇ. 1.5 ಇತ್ತು. ಉತ್ತರ ಭಾಗದಲ್ಲಿ 1.9, ದಕ್ಷಿಣದಲ್ಲಿ 1.0. 2010ರ ವೇಳೆಗೆ ದೇಶದ ಸರಾಸರಿಯೂ 1ಕ್ಕೆ ಇಳಿಯಿತು.

ಈ ನಡುವೆ ಕಾರ್ಯಕ್ರಮ ಮೈಬದಲಿಸಿತ್ತು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತುಸ್ಥಿತಿ ಎಂದು ಸಾರಿತು. ‘ಡಾಟ್ಸ್’ ಎಂಬ ಹೆಸರು ಬಸ್ಸಿನ ಹಿಂಭಾಗಕ್ಕೂ ಶಾಲೆಯ ಗೋಡೆಗೂ ಬಂತು. ಪ್ರತಿ ರೋಗಿಯ ಹೆಸರಿನಲ್ಲಿ ಒಂದು ಮಾತ್ರೆಪೆಟ್ಟಿಗೆ, ಹೊಸ ರೋಗಿಗೆ ಕೆಂಪು, ಮರುಕಳಿಸಿದವರಿಗೆ ನೀಲಿ. ಪೂರ್ತಿ ಚಿಕಿತ್ಸೆಗೆ ಬೇಕಾದಷ್ಟನ್ನೂ ಮೊದಲೇ ಎತ್ತಿಟ್ಟಿರುತ್ತಿದ್ದುದರಿಂದ ‘ಸ್ಟಾಕಿಲ್ಲ’ ಎಂಬ ಮಾತಿಗೆ ಜಾಗವಿರಲಿಲ್ಲ. ವಾರಕ್ಕೆ ಮೂರು ದಿನ ಅಂಗನವಾಡಿ ಕಾರ್ಯಕರ್ತೆಯೋ ಊರಿನ ಅಂಗಡಿಯವನೋ ಎದುರಿಗೆ ನಿಂತು ನುಂಗಿಸಬೇಕಿತ್ತು. ಇದರಲ್ಲಿ ಅಪನಂಬಿಕೆಯ ವಾಸನೆಯಿತ್ತು, ಆದರೆ ಫಲವೂ ಇತ್ತು. ಗುಣವಾಗುವವರ ಪ್ರಮಾಣ ಏರಿತು. 2017ರ ಹೊತ್ತಿಗೆ ದಿನಾ ನುಂಗುವ ಮಾತ್ರೆ ಬಂತು. ಅದಕ್ಕೂ ಮೊದಲೇ, 2012ರಿಂದ, ಖಾಸಗಿ ವೈದ್ಯರೂ ಪ್ರತಿ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮವಾಗಿತ್ತು.

2019ರಿಂದ 2021ರವರೆಗೆ, ನಡುವೆ ಕೊರೊನಾ ಅಡ್ಡಬಂದರೂ, ದೇಶದಾದ್ಯಂತ ಮತ್ತೊಮ್ಮೆ ವ್ಯಾನುಗಳು ಹೊರಟವು. 1950ರ ದಶಕದ ನಂತರ ಇಂಥ ರಾಷ್ಟ್ರವ್ಯಾಪಿ ಸಮೀಕ್ಷೆ ನಡೆದಿರಲಿಲ್ಲ. ಹದಿನೈದು ದಾಟಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಶ್ವಾಸಕೋಶದ ಕ್ಷಯ ಖಚಿತವಾಯಿತು. ದೆಹಲಿಯಲ್ಲಿ 534, ಕೇರಳದಲ್ಲಿ 115. ತುಮಕೂರನ್ನು ನೆನಪಿಟ್ಟುಕೊಂಡವರ ಕಣ್ಣಿಗೆ ಬೀಳುವುದು ಇನ್ನೊಂದು ಅಂಕಿ. ಕೆಮ್ಮು, ಜ್ವರದಂಥ ಲಕ್ಷಣವಿದ್ದವರಲ್ಲಿ ಶೇ. 64ರಷ್ಟು ಮಂದಿ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ. ಎರಡು ಸಮೀಕ್ಷೆಗಳ ಪ್ರಶ್ನೆ ಬೇರೆ, ಕೇಳಿಸಿಕೊಂಡವರೂ ಬೇರೆ. 1960ರವರು ಕಫದಲ್ಲಿ ಬ್ಯಾಕ್ಟೀರಿಯಾ ಖಚಿತವಾದ ರೋಗಿಗಳು, ಇವರು ಲಕ್ಷಣವಿದ್ದ ಎಲ್ಲರೂ. ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಆದರೂ ಸೀಸೆ ಹಿಡಿದು ವಾಪಸಾದ ತಲೆಮಾರಿನ ಮೊಮ್ಮಕ್ಕಳು ಆಸ್ಪತ್ರೆಗೇ ಹೋಗುವುದಿಲ್ಲವೆಂದರೆ, ಮತ್ತೊಬ್ಬ ಬ್ಯಾನರ್ಜಿ ಹೊರಟು ಏಕೆಂದು ಕೇಳಬೇಕಾದ ಕಾಲ ಇದು.

ಭಾರತ 2025ಕ್ಕೆ ಕ್ಷಯವನ್ನು ಮುಗಿಸುತ್ತೇವೆಂದು 2018ರ ಮಾರ್ಚಿನಲ್ಲಿ ದೆಹಲಿಯಲ್ಲಿ ಘೋಷಿಸಿತ್ತು, ಜಗತ್ತಿನ ಗಡುವಿಗಿಂತ ಐದು ವರ್ಷ ಮೊದಲು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ. ಒಂಬತ್ತು ವರ್ಷದಲ್ಲಿ ಶೇ. 21. ಜಗತ್ತಿನ ಸರಾಸರಿಗಿಂತ ಇದು ಒಳ್ಳೆಯ ಇಳಿಕೆಯೇ. ಆದರೆ ಸರ್ಕಾರದ ಯೋಜನೆಯಲ್ಲಿ 2025ಕ್ಕೆ ಬರೆದಿಟ್ಟಿದ್ದ ಅಂಕಿ 44. ಘೋಷಣೆ ಬರೆದವರು ಬೆಂಗಳೂರಿನ ಹಳ್ಳಿಗಳ ಆ ಇಪ್ಪತ್ತಮೂರು ವರ್ಷದ ಗ್ರಾಫನ್ನು ಒಮ್ಮೆ ಎದುರಿಗಿಟ್ಟುಕೊಂಡಿದ್ದರೆ ಇಷ್ಟು ಅವಸರ ಮಾಡುತ್ತಿರಲಿಲ್ಲ.

ಹಾಲು ಮೊಟ್ಟೆಯ ಮಾತು ಈ ಚರಿತ್ರೆಯೊಳಗೆ ಮರಳಿ ಬಂದದ್ದು ಮಂಗಳೂರಿನಿಂದ. ಅಲ್ಲಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿದರು. ರೋಗಿಗಳು 2,800, ಅವರ ಮನೆಮಂದಿ 10,345. ರೋಗಿಗಳಲ್ಲಿ ಐವರಲ್ಲಿ ನಾಲ್ವರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಎಲ್ಲ ರೋಗಿಗಳಿಗೂ ಮಾತ್ರೆಯ ಜೊತೆ ತಿಂಗಳಿಗೆ 10 ಕಿಲೋ ಧಾನ್ಯ, ಬೇಳೆ, ಹಾಲಿನ ಪುಡಿ, ಎಣ್ಣೆಯ ಚೀಲ ಕೊಟ್ಟರು. ಮನೆಮಂದಿಯಲ್ಲಿ ಒಂದು ಗುಂಪಿಗೆ ಮಾತ್ರ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಮಾತ್ರೆ. 2023ರ ಆಗಸ್ಟಿನಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅಕ್ಕಿ ಬೇಳೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಿದ್ದವರು ಶೇ. 39ರಷ್ಟು ಕಡಿಮೆ, ಅಂಟುವ ಬಗೆಯ ಶ್ವಾಸಕೋಶದ ಕ್ಷಯವನ್ನಷ್ಟೇ ತೆಗೆದುಕೊಂಡರೆ ಶೇ. 48ರಷ್ಟು ಕಡಿಮೆ. ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಏರಿಸಿಕೊಂಡ ರೋಗಿಗಳು ಸಾಯುವ ಸಂಭವವೂ ಅರ್ಧಕ್ಕಿಂತ ಕೆಳಗಿಳಿದಿತ್ತು.

ಮದ್ರಾಸಿನ ಫಲಿತಾಂಶ ಇದರಿಂದ ಸುಳ್ಳಾಗಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವುದು ಮಾತ್ರೆಯೇ. ಆದರೆ ಸೋಂಕು ತಗಲಿದ ಹತ್ತು ಮಂದಿಯಲ್ಲಿ ಕಾಯಿಲೆ ಬೀಳುವ ಆ ಒಬ್ಬ ಯಾರಾಗುತ್ತಾನೆ ಎಂಬ ಪ್ರಶ್ನೆಯನ್ನು 1959ರಲ್ಲಿ ಯಾರೂ ಅಡುಗೆಮನೆಗೆ ಒಯ್ದಿರಲಿಲ್ಲ. ಮಂಗಳೂರಿನ ತಂಡ ಒಯ್ದಿತು.

ಸರ್ಕಾರ 2018ರಿಂದ ಪ್ರತಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿದೆ. ಮನೆಮಂದಿಗೂ ಆಹಾರದ ಚೀಲ ಕೊಡುವ ಮಾತು ಅದೇ ಆದೇಶದ ಜೊತೆಗೆ ಬಂತು. ಆದರೆ ಅದಕ್ಕೆ ಖಜಾನೆಯ ಹಣವಿಲ್ಲ. ‘ನಿಕ್ಷಯ್ ಮಿತ್ರ’ ಎಂಬ ಹೆಸರಿನಲ್ಲಿ ಮುಂದೆ ಬರುವ ದಾನಿಗಳು, ಕಂಪನಿಗಳು, ಸಂಘಸಂಸ್ಥೆಗಳು ಅದನ್ನು ಕೊಡಬೇಕು. ಹಾಗಾಗಿ ಯಾವ ತಾಲ್ಲೂಕಿನಲ್ಲಿ ಮಿತ್ರರು ಸಿಗುತ್ತಾರೋ ಅಲ್ಲಿನ ಮನೆಗಳಿಗೆ ಬೇಳೆ ಮುಟ್ಟುತ್ತದೆ.